ಪುನರ್ಪುಳಿ ಮದ್ದಾಗಿದ್ದ ಇಪ್ಪತ್ತು ದಿನ

ದುಬೈಯಲ್ಲಿ ಕನ್ನಡದವರು ಸೇರುವ ಯಾವ ಊಟದ ಸಾಲಿನಲ್ಲಿ ನಿಂತರೂ ಈ ಕಥೆ ನಿಮ್ಮ ತಟ್ಟೆಗೆ ಉಪ್ಪಿನಕಾಯಿಗಿಂತ ಮೊದಲು ಬೀಳುತ್ತದೆ. ನಮ್ಮ ಊರಿನ ಪುನರ್ಪುಳಿ, ಅಂದರೆ ಮುರುಗಲ ಹಣ್ಣಿನ, ಸಿಪ್ಪೆಯ ಸಾರದಲ್ಲಿ ಒಂದು ಶಕ್ತಿ ಸಿಕ್ಕಿತ್ತಂತೆ. ಸೋತು ಕೂತ ಆ್ಯಂಟಿಬಯಾಟಿಕ್ ಜೊತೆ ಅದನ್ನು ಬೆರೆಸಿದರೆ ಯಾವ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾ ಸಾಯುತ್ತಿತ್ತಂತೆ. ಅಷ್ಟರಲ್ಲಿ ದೊಡ್ಡ ಮಾತ್ರೆ ಕಂಪನಿಯವರು ಬಂದು ಫೈಲನ್ನೇ ಎತ್ತಿಕೊಂಡು ಹೋದರಂತೆ. ಹೇಳುವವರು ಕೊನೆಗೆ ದನಿ ತಗ್ಗಿಸಿ “ಯಾರಿಗೂ ಹೇಳ್ಬೇಡಿ” ಎಂದು ಸೇರಿಸುತ್ತಾರೆ. ಹಿಂದೆ ನಿಂತಿರುವ ನಲವತ್ತು ಜನಕ್ಕೂ ಅಷ್ಟರಲ್ಲಿ ಕೇಳಿಸಿರುತ್ತದೆ.

ಇದಕ್ಕೆ ನನ್ನ ಆಕ್ಷೇಪಗಳು ಮೂರು. ಒಂದು, ದೊಡ್ಡ ಮಾತ್ರೆ ಕಂಪನಿಗಳಿಗೆ ನಮ್ಮ ಲ್ಯಾಬ್ ಇರುವುದೇ ಗೊತ್ತಿರಲಿಲ್ಲ. ಕಟ್ಟಡದ ವಾಚ್‌ಮನ್‌ಗೇ ಎಷ್ಟೋ ಸಲ ಗೊತ್ತಿರಲಿಲ್ಲ. ಎರಡು, ಆ ಫೈಲು ಎಲ್ಲಿಗೂ ಹೋಗಿಲ್ಲ, ಅದರ ಅರ್ಧ ಪುಟಗಳು ನನ್ನ ಕೈಬರಹದಲ್ಲೇ ಇವೆ. ಮೂರು, ಕದಿಯಲು ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತು ದಿನ ಇತ್ತು ಎಂದು ನಾವು ನಂಬಿದ್ದೆವು, ಅಷ್ಟೆ. ಆ ಇಪ್ಪತ್ತು ದಿನಗಳ ಬಗ್ಗೆ ಊಟದ ಸಾಲಿನಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ನಿವೃತ್ತರ ಅನುಭವ ಕಥನ ಎಂದರೆ ನರೆತ ಕೂದಲು ನಿರೀಕ್ಷಿಸುತ್ತೀರಿ. ಕ್ಷಮಿಸಿ. ನಾನು ಮೂವತ್ತನಾಲ್ಕಕ್ಕೆ ನಿವೃತ್ತಳಾದವಳು. ಎಂಟು ವರ್ಷ ದುಬೈಯ ಒಂದು ಖಾಸಗಿ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದೆ. ಆಮೇಲೆ ನಾವು ನಾಲ್ವರು ಮಾಡುತ್ತಿದ್ದ ಕೆಲಸವನ್ನು ಫ್ರಿಜ್ಜಿನಷ್ಟು ದೊಡ್ಡದೊಂದು ಮೆಷಿನ್ ರಜೆ ಕೇಳದೆ ಮಾಡತೊಡಗಿತು. ನಮ್ಮ ವಿಭಾಗಕ್ಕೆ ಒಂದು ಕೇಕು, ನಮಗೆ ಒಂದೊಂದು ಗಡಿಯಾರ, ಖಲಾಸ್. ಈಗ ಮಂಗಳೂರಿನಲ್ಲಿ ಲ್ಯಾಬ್ ಕೋರ್ಸು ಮುಗಿಸಿದ ಹುಡುಗ ಹುಡುಗಿಯರು ಬಂದು “ಅಕ್ಕ, ಗಲ್ಫಿನಲ್ಲಿ ಕೆಲಸ ಹೇಗಿರ್ತದೆ” ಎಂದು ಕೇಳುತ್ತಾರೆ. ವೀಸಾ, ರೂಮು, ಬಿರಿಯಾನಿ ವಿಷಯ ಬೇರೆಯವರು ಹೇಳುತ್ತಾರೆ. ನಾನು ಜೆಲ್ಲಿಯ ವಿಷಯ ಹೇಳುತ್ತೇನೆ.

ಕೆಲಸ ಹೀಗೆ. ದುಂಡನೆಯ ಪ್ಲೇಟಿನಲ್ಲಿ ಅಗರ್ ಎಂಬ ಜೆಲ್ಲಿ ಹೊಯ್ದು ಆರಿಸುವುದು. ಚೈನಾಗ್ರಾಸ್ ಪುಡಿಂಗ್ ಮಾಡಿದವರಿಗೆ ಹೊಸದೇನಲ್ಲ. ಅದರ ಮೇಲೆ ರೋಗಿಯ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಸವರುವುದು. ಮೇಲೆ ಮದ್ದಿನಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆ ಇಟ್ಟು ಒಂದು ದಿನ ಬೆಚ್ಚಗೆ ಬಿಡುವುದು. ಮರುದಿನ ಜೆಲ್ಲಿಯ ಮೇಲೆಲ್ಲ ಬ್ಯಾಕ್ಟೀರಿಯಾ ಹಾಸಿಕೊಂಡಿರುತ್ತದೆ, ಮದ್ದು ಗೆದ್ದಿದ್ದರೆ ಬಿಲ್ಲೆಯ ಸುತ್ತ ಮಾತ್ರ ಒಂದು ಖಾಲಿ ವೃತ್ತ. ವೃತ್ತ ದೊಡ್ಡದಾದಷ್ಟೂ ಮದ್ದು ಗಟ್ಟಿ. ಸ್ಕೇಲು ಹಿಡಿದು ಅಳೆದು ಬರೆಯುವುದೇ ನಮ್ಮ ವಿಜ್ಞಾನ.

ನನ್ನನ್ನು ಸೇರಿಸಿಕೊಂಡವರು ಡಾ. ಶೆಣೈ. ಲ್ಯಾಬಿನ ಮುಖ್ಯಸ್ಥರು, ಕಷಾಯದ ಭಕ್ತರು. ಅವರ ಮೇಜಿನ ಡ್ರಾಯರಿನಲ್ಲಿ ಫೈಲಿಗಿಂತ ಹೆಚ್ಚು ಬೇರುಗಳಿದ್ದವು. ಸಂದರ್ಶನದಲ್ಲಿ ನನ್ನ ಅರ್ಜಿ ನೋಡಿ, “ಅಂತರ ಕಾಲೇಜು ಚರ್ಚೆಯಲ್ಲಿ ಆರು ಕಪ್ಪು. ಬ್ಯಾಕ್ಟೀರಿಯಾ ಹತ್ರ ಚರ್ಚೆ ಮಾಡ್ಲಿಕ್ಕೆ ಆಗ್ತದಾ?” ಎಂದರು.

“ಆಗುದಿಲ್ಲ ಸರ್. ಆದ್ರೆ ನಿಮ್ಮ ಹತ್ರ ಮಾಡ್ಬಹುದು.”

ಕೆಲಸ ಕೊಟ್ಟರು. ಆಮೇಲೆ ಎಂಟು ವರ್ಷ ಪಶ್ಚಾತ್ತಾಪಪಟ್ಟರು.

ಎರಡನೆಯ ಹಿರಿಯರು ಫಿಲೊಮಿನಾ ಬಾಯಿ, ಮಂಗಳೂರಿನ ಕುಲಶೇಖರದವರು, ಹಿರಿಯ ಟೆಕ್ನಿಷಿಯನ್. ನಾನು ಹುಟ್ಟುವ ಮೊದಲೇ ಪ್ಲೇಟು ಹೊಯ್ಯಲು ಶುರುಮಾಡಿದವರು. ದೊಡ್ಡ ಫ್ಲಾಸ್ಕಿನಿಂದ ಬಿಸಿ ಜೆಲ್ಲಿಯನ್ನು ಪ್ಲೇಟಿಗೆ ಬಿಡುವಾಗ ಅಳತೆ ನೋಡುತ್ತಿರಲಿಲ್ಲ. ಮಣಿಕಟ್ಟು ಒಂದು ಸಲ ತಿರುಗುತ್ತಿತ್ತು, ಮುಗಿಯಿತು. ರೋಸರಿಯ ಮಣಿ ಸರಿಸಿದಷ್ಟು ಸಲೀಸು. ಹೊಸಬರಿಗೆ ಅವರ ಮೊದಲ ಪಾಠ: “ಬಾಯೆ, ಪ್ರತಿ ಪ್ಲೇಟಿನ ಹಿಂದೆ ಒಬ್ಬ ಮನುಷ್ಯ ಉಂಟು. ತಿಳೀತಾ?”

ಮೊದಲ ವರ್ಷದ ಒಂದು ಪ್ರಕರಣ ಹೇಳಬೇಕು. ಒಬ್ಬ ಕಾರ್ಮಿಕನ ಮೂತ್ರದಲ್ಲಿ ನಂಬಲಾಗದಷ್ಟು ಸಕ್ಕರೆ, ಜೊತೆಗೆ ಲೆಕ್ಕ ಸಿಗದಷ್ಟು ಯೀಸ್ಟ್. ನಾನು ಆ ಮನುಷ್ಯನ ಬಗ್ಗೆ ಎರಡು ಪುಟದ ಸಿದ್ಧಾಂತ ಬರೆದು ಶೆಣೈಯವರಿಗೆ ಕೊಟ್ಟೆ. ಫಿಲೊಮಿನಾ ಬಾಯಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವನು ದ್ರಾಕ್ಷಿ ಶರಬತ್ತಿನ ಬಾಟಲಿಯನ್ನು ತೊಳೆಯದೆ ತಂದಿದ್ದ. “ಮನುಷ್ಯನಿಗೆ ಕಾಯಿಲೆ ಹಚ್ಚುವ ಮೊದಲು ಬಾಟಲಿ ನೋಡ್ಬೇಕು” ಎಂದರು. ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದೆ. ಅಡಿಗೆರೆ ಎಳೆದ ಮಾತು ತಲೆಗೆ ಇಳಿದಿದೆ ಎಂದೇನೂ ಅರ್ಥವಲ್ಲ.

ಪುನರ್ಪುಳಿ ಲ್ಯಾಬಿಗೆ ಬಂದದ್ದು ಶೆಣೈಯವರ ಹಠದಿಂದ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದ್ದ ನಮ್ಮ ಹೆಡ್ ಆಫೀಸಿನವರು “ಏನಾದರೂ ರಿಸರ್ಚ್ ಮಾಡಿ, ಬ್ರೋಷರಿನಲ್ಲಿ ಹಾಕಲು ಬೇಕು” ಎಂದಿದ್ದರು. ಶೆಣೈಯವರು ಡ್ರಾಯರು ತೆರೆದರು. ತುಳಸಿ, ಅಮೃತಬಳ್ಳಿ, ದಾಳಿಂಬೆ ಸಿಪ್ಪೆ ಎಲ್ಲ ಸೋತ ಮೇಲೆ ಪುನರ್ಪುಳಿಯ ಸರದಿ. ಒಣ ಸಿಪ್ಪೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಬತ್ತಿಸಿ, ಎರಡು ಹನಿಯನ್ನು ಮದ್ದಿನ ಬಿಲ್ಲೆಯ ಮೇಲೆ ಬಿಟ್ಟರು. ವೃತ್ತ ಐದಾರು ಮಿಲಿಮೀಟರ್ ಹಿಗ್ಗಿತು. ನಮ್ಮ ಲೋಕದಲ್ಲಿ ಅದು ಸೋತ ಮದ್ದನ್ನು ಗೆಲುವಿನ ಹೊಸ್ತಿಲಿಗೆ ತಂದು ನಿಲ್ಲಿಸುವಷ್ಟು ದೂರ.

ನಾನು ತೋಳೇರಿಸಿದೆ.

“ಸರ್, ಪುನರ್ಪುಳಿ ಹುಳಿ. ಹುಳಿಗೇ ಸತ್ತಿರ್ತದೆ.”

“ಹುಳಿ ತೆಗ್ದು ಮಾಡಿದ್ದು. ನೋಡು.”

“ಹಾಗಾದ್ರೆ ಸ್ಪಿರಿಟ್ಟು. ಸ್ಪಿರಿಟ್ಟಿಗೆ ಎಂತದೂ ಸಾಯ್ತದೆ.”

“ಬರೀ ಸ್ಪಿರಿಟ್ ಹಾಕಿ ಒಣಗಿಸಿದ ಬಿಲ್ಲೆ ಇದು. ವೃತ್ತ ಉಂಟಾ?”

ಇರಲಿಲ್ಲ.

“ಪುನರ್ಪುಳಿಯೇ ಒಂಟಿಯಾಗಿ ಕೊಂದಿದ್ರೆ?”

“ಒಂಟಿಯಾಗಿ ಇಷ್ಟೇ. ನಿನ್ನ ಕಿರುಬೆರಳಿನ ಉಗುರಷ್ಟು. ಇನ್ನೆಂತಾದ್ರೂ ಉಂಟಾ ತಾಯಿ, ಅಥವಾ ಚಹಾ ಕುಡಿಯುವಾ?”

ಮೂರು ಸುತ್ತಿನಲ್ಲೂ ಸೋತೆ. ಸೋತ ಸಂದೇಹವಾದಿಯಷ್ಟು ಅಪಾಯಕಾರಿ ಭಕ್ತ ಇನ್ನೊಬ್ಬನಿಲ್ಲ. ಮರುದಿನದಿಂದ ಶೆಣೈಯವರಿಗಿಂತ ಜೋರಾಗಿ ಪುನರ್ಪುಳಿಯ ಪರ ವಾದಿಸಿದ್ದು ನಾನೇ. ನನ್ನ ಅನುಮಾನ ಪೂರ್ತಿ ಗಿಡದ ಮೇಲಿತ್ತು, ಯಾಕೆಂದರೆ ಗಿಡಮೂಲಿಕೆಯನ್ನು ಅನುಮಾನಿಸುವುದು ನನಗೆ ಸುಲಭ, ಹೆಮ್ಮೆಯ ವಿಷಯ ಕೂಡ. ಉಳಿದದ್ದರ ಕಡೆ ತಿರುಗಿಯೂ ನೋಡಲಿಲ್ಲ.

ಸಿಪ್ಪೆ ತಂದುಕೊಡುತ್ತಿದ್ದವರು ಹಮೀದಾಕ. ಉಪ್ಪಿನಂಗಡಿಯ ಬ್ಯಾರಿ, ರಾಸ್ ಅಲ್ ಖೋರಿನಲ್ಲಿ ಹಳೆ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತವರು, ವಾಸ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ. ಊರಿಗೆ ಹೋದಾಗ ಹೆಂಡತಿ ಒಣಗಿಸಿದ ಪುನರ್ಪುಳಿಯ ಒಂದು ಗೋಣಿ ತಂದಿದ್ದರು. ಅದರಲ್ಲಿ ಸ್ವಲ್ಪ ಸ್ವಲ್ಪವೇ ನಮಗೆ ಕೊಡುತ್ತಿದ್ದರು. ವೃತ್ತ ಹಿಗ್ಗಿದ ಆ ದಿನಗಳಲ್ಲಿ ಅವರು ಲ್ಯಾಬಿನ ಕೌಂಟರಿಗೆ ಬಂದದ್ದು ಸಿಪ್ಪೆಯ ಪೊಟ್ಟಣದ ಜೊತೆ ತಮ್ಮ ರಿಪೋರ್ಟಿಗೂ ಹೌದು. ಕಾಲಿನ ಮೇಲೆ ಬ್ರೇಕ್ ಡ್ರಮ್ ಬಿದ್ದು ಗಾಯವಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಬೆರಳುಗಳ ಬುಡದಲ್ಲಿ ಕೀವು.

“ತಂಗೀ, ಇದೆಂತ ರಿಪೋರ್ಟು? ಎಲ್ಲ ಮಾತ್ರೆ ಎದುರು ಫೇಲು ಅಂತ ಬರ್ದಿದ್ದೀರಿ.”

“ನಿಮ್ಮ ಕಾಲಿನ ಬ್ಯಾಕ್ಟೀರಿಯಾಕ್ಕೆ ಈ ಮಾತ್ರೆ ಎಲ್ಲ ಚಕ್ಕುಲಿ ಇದ್ದ ಹಾಗೆ ಹಮೀದಾಕ. ತಿಂದು ಇನ್ನೂ ಕೊಡಿ ಅಂತದೆ. ಇಂಜೆಕ್ಷನ್ನೇ ಆಗ್ಬೇಕು.”

“ಡಾಕ್ಟ್ರೂ ಅದನ್ನೇ ಹೇಳಿದ್ದು. ಹತ್ತು ದಿನ ಅಡ್ಮಿಟ್ ಅಂತೆ. ಹತ್ತು ದಿನ ಕೌಂಟರಿನಲ್ಲಿ ಇಲ್ಲಾಂದ್ರೆ ನಮ್ಮ ಮ್ಯಾನೇಜರು ನನ್ನ ವೀಸಾ ಕ್ಯಾನ್ಸಲ್ ಮಾಡ್ತಾನೆ. ಕುಂಟುವವನನ್ನು ಎಂತಕ್ಕೆ ಇಟ್ಕೊಳ್ತಾನೆ ಹೇಳಿ. ಬೇರೆ ದಾರಿ ಇಲ್ವಾ?”

ಇಲ್ಲ ಎನ್ನಬೇಕಿತ್ತು. ಎರಡು ಅಕ್ಷರದ ಉತ್ತರ. ಆದರೆ ಆ ಬೆಳಗ್ಗೆ ನಾನು ಹೊಸದಾಗಿ ಅಳೆದ ಪ್ಲೇಟು ಕೈಯಲ್ಲೇ ಇತ್ತು, ಅದರಲ್ಲಿದ್ದದ್ದು ಅವರದೇ ಕಾಲಿನ ಬ್ಯಾಕ್ಟೀರಿಯಾ, ಅವರದೇ ಗೋಣಿಯ ಪುನರ್ಪುಳಿ.

“ಇಲ್ನೋಡಿ” ಎಂದೆ. “ಇದು ನಿಮ್ಮ ಮಾತ್ರೆ, ಪುನರ್ಪುಳಿ ಜೊತೆ. ಈ ಖಾಲಿ ಜಾಗ ನೋಡಿದ್ರಾ? ಇಲ್ಲಿದ್ದವರೆಲ್ಲ ಸತ್ತಿದ್ದಾರೆ.” ಆಮೇಲೆ ಹುಳಿಯ ಆಕ್ಷೇಪ, ಸ್ಪಿರಿಟ್ಟಿನ ಆಕ್ಷೇಪ, ಮೂರನೆಯದು, ಒಂದೊಂದನ್ನೂ ಎತ್ತಿ ಒಂದೊಂದನ್ನೂ ಮುರಿದು ತೋರಿಸಿದೆ. ಚೆನ್ನಾಗಿಯೇ ತೋರಿಸಿದೆ. ನನಗೆ ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ. “ಇದು ಪ್ಲೇಟಿನಲ್ಲಿ ಮಾತ್ರ, ಮನುಷ್ಯರಿಗಲ್ಲ” ಎಂದು ಕೊನೆಗೆ ಹೇಳಿದ್ದೂ ನೆನಪಿದೆ. ಅದನ್ನು ನಾನು ಹೇಳಿದ್ದು ಸಿಗರೇಟ್ ಪ್ಯಾಕಿನ ಮೇಲಿನ ಎಚ್ಚರಿಕೆಯ ದನಿಯಲ್ಲಿ. ಹಮೀದಾಕ ಪ್ಲೇಟನ್ನು ತುಂಬ ಹೊತ್ತು ನೋಡಿ, “ನಮ್ಮ ಮನೆಯ ಪುನರ್ಪುಳಿ” ಎಂದರು. ಗೋಣಿಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಅವರು ಆಗಲೇ ಯೋಚಿಸುತ್ತಿದ್ದರೆಂದು ನನಗೆ ಹೊಳೆಯಲಿಲ್ಲ.

ಎರಡು ವಾರದ ನಂತರ ಫಿಲೊಮಿನಾ ಬಾಯಿ ತಂಗಿಯ ಮಗಳ ರೋಸ್‌ಗೆಂದು ಊರಿಗೆ ಹೋದರು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಸವರುವ ಆ ಶಾಸ್ತ್ರವನ್ನು ಅವರು ಯಾವ ರಜೆಯಲ್ಲೂ ತಪ್ಪಿಸಿದವರಲ್ಲ. ಪ್ಲೇಟು ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪುಸ್ತಕ ತೆರೆದಿಟ್ಟು, ಅಳೆದು, ಎಲ್ಲದಕ್ಕೂ ಒಂದೇ ಪ್ರಮಾಣ ಹೊಯ್ದೆ. ಫ್ಲಾಸ್ಕು ಖಾಲಿಯಾದಾಗ ಹತ್ತು ಪ್ಲೇಟು ಬರಿದಾಗಿಯೇ ಉಳಿದವು. ಅಳತೆ ತಪ್ಪಿರಬೇಕು ಎಂದುಕೊಂಡು ಇನ್ನೊಂದು ಫ್ಲಾಸ್ಕು ಕುದಿಸಿದೆ.

ಆ ವಾರದ ಪುನರ್ಪುಳಿ ಪರೀಕ್ಷೆಯಲ್ಲಿ ವೃತ್ತ ಹಿಗ್ಗಲಿಲ್ಲ. ಒಂದು ಮಿಲಿಮೀಟರೂ ಇಲ್ಲ. ನಾನು ಮೊದಲು ಮಾಡಿದ್ದು ಹಮೀದಾಕರಿಗೆ ಫೋನು.

“ಹಮೀದಾಕ, ಎಂತ ಸಿಪ್ಪೆ ಕೊಟ್ಟಿದ್ದೀರಿ? ಇದು ಹಾಳು ಮಾಲು. ಮೊದಲಿನದು ಬೇರೆ.”

“ಹಾಳು ಮಾಲಾ?” ಆ ಮನುಷ್ಯನಿಗೆ ಕೋಪ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. “ಅದೇ ಗೋಣಿ ತಂಗೀ. ಇಪ್ಪತ್ತೆರಡು ವರ್ಷ ಕೌಂಟರಿನಲ್ಲಿ ನಿಂತು ನಾನು ಯಾರಿಗೂ ಒಂದು ನಟ್ಟು ಡುಪ್ಲಿಕೇಟ್ ಕೊಟ್ಟವ ಅಲ್ಲ. ಅದೇ ಗೋಣಿಯದ್ದು ನಾನೂ ಕುಡೀತಾ ಇದ್ದೇನೆ, ದಿನಕ್ಕೆ ಮೂರು ಸಲ, ಮಾತ್ರೆ ಜೊತೆ.”

“ನೀವು ಕುಡೀತಾ ಇದ್ದೀರಾ? ಅಡ್ಮಿಟ್ ಆಗ್ಲಿಲ್ವಾ?”

“ಎಂತಕ್ಕೆ ಅಡ್ಮಿಟ್? ನೀವೇ ತೋರಿಸಿದ್ರಲ್ಲ.”

ಫೋನಿಟ್ಟು ಕಾಗದ ತೆಗೆದು ಲೆಕ್ಕ ಹಾಕಿದೆ. ಅದೇ ಗೋಣಿ ಎಂದರೆ ಸಿಪ್ಪೆ ಬದಲಾಗಿಲ್ಲ. ಮದ್ದಿನ ಬಿಲ್ಲೆ ಅದೇ ಡಬ್ಬದ್ದು. ಬದಲಾದದ್ದು ಪ್ಲೇಟು ಹೊಯ್ದ ಕೈ ಒಂದೇ. ಕುಲಶೇಖರಕ್ಕೆ ಫೋನು ಮಾಡಿದೆ. ಹಿಂದೆ ಬ್ಯಾಂಡು, ಹೆಂಗಸರ ವೊವಿಯೊ ಹಾಡು, ಯಾರೋ ತೆಂಗಿನ ಹಾಲು ಚೆಲ್ಲಿದ ಗಲಾಟೆ.

“ಬಾಯಿ, ಒಂದು ಫ್ಲಾಸ್ಕಿನಲ್ಲಿ ನಿಮಗೆ ಅಷ್ಟು ಪ್ಲೇಟು ಹೇಗೆ ಬರ್ತದೆ? ನನಗೆ ಹತ್ತು ಕಡಿಮೆ ಬಂತು.”

“ನೀನು ಎಲ್ಲ ಸಮ ಹೊಯ್ದಿಯಾ? ಅಯ್ಯೋ ಬಾಯೆ. ಪೇಷಂಟಿನದ್ದು ಮೊದಲು, ದಪ್ಪಕ್ಕೆ. ಕೊನೆಯ ಇಪ್ಪತ್ತು ತೆಳ್ಳಗೆ. ಅದು ರಿಸರ್ಚಿಗೆ. ರಿಸರ್ಚಿಗೆ ಅಷ್ಟು ಸಾಕಲ್ವಾ, ಅದರ ಹಿಂದೆ ಯಾರು ಮನುಷ್ಯ ಉಂಟು?”

ಲ್ಯಾಬ್ ಸೇರುವ ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ಜೆಲ್ಲಿ ತೆಳ್ಳಗಿದ್ದರೆ ಮದ್ದು ಕೆಳಕ್ಕೆ ಇಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹರಿಯುತ್ತದೆ, ವೃತ್ತ ತಾನಾಗಿ ದೊಡ್ಡದಾಗುತ್ತದೆ. ಇದು ಮೊದಲ ವರ್ಷದ ಪಾಠ. ನಾವು ಮಾತ್ರೆ ಮತ್ತು ಪುನರ್ಪುಳಿಯ ಜೋಡಿಯನ್ನು ತೆಳು ಪ್ಲೇಟಿನಲ್ಲಿ ಅಳೆಯುತ್ತಿದ್ದೆವು. ಬರೀ ಮಾತ್ರೆಯ ಅಳತೆಯನ್ನು ರೋಗಿಯ ರಿಪೋರ್ಟಿನಿಂದ ನಕಲು ಮಾಡಿಕೊಳ್ಳುತ್ತಿದ್ದೆವು. ಅದು ದಪ್ಪ ಪ್ಲೇಟಿನದು. ಅದೇ ರೋಗಿ, ಅದೇ ಬ್ಯಾಕ್ಟೀರಿಯಾ, ಇನ್ನೊಮ್ಮೆ ಯಾಕೆ ಮಾಡಬೇಕು ಎಂಬ ಜಾಣತನ ನನ್ನದೇ. ಪುನರ್ಪುಳಿ ಮಾತ್ರೆಗೆ ಒಂದು ಕೂದಲಿನಷ್ಟೂ ಬಲ ಕೊಟ್ಟಿರಲಿಲ್ಲ. ಐದಾರು ಮಿಲಿಮೀಟರ್ ಗೆದ್ದದ್ದು ಫಿಲೊಮಿನಾ ಬಾಯಿಯ ಮಿತವ್ಯಯ. ರೋಗಿಗಳಿಗೆ ಒಂದು ಹನಿಯೂ ಕಡಿಮೆಯಾಗಬಾರದು ಎಂಬ ಒಳ್ಳೆಯತನದಿಂದ ಹುಟ್ಟಿದ ಸುಳ್ಳು ಅದು. ಆ ತಿಂಗಳು ನಾನು ಕಂಡ ಅತ್ಯಂತ ಸಭ್ಯ ಸುಳ್ಳು.

ಈಗ ನನ್ನ ತಪ್ಪು. ಅಂದೇ ಹಮೀದಾಕರಿಗೆ ತಿರುಗಿ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನನ್ನ ವಾದವನ್ನು ನಾನೇ ಮುರಿಯುವ ಮೊದಲು ಪುರಾವೆ ಗಟ್ಟಿಯಾಗಿರಲಿ ಎಂದು ದಪ್ಪ, ತೆಳು ಎರಡೂ ಬಗೆಯ ಪ್ಲೇಟು ಹೊಯ್ದು, ಎರಡು ಸಲ ಅಳೆದೆ. ಮೂರು ದಿನ ಹೋಯಿತು. ಆ ಮೂರು ದಿನಕ್ಕೆ ಆಗ ನಾನು ಶಿಸ್ತು ಎಂದು ಹೆಸರಿಟ್ಟಿದ್ದೆ.

ಶುಕ್ರವಾರ ಮುಹೈಸ್ನಾಕ್ಕೆ ಹೋದೆ. ಕ್ಯಾಂಪಿನ ಎದುರಿನ ಕೆಫೆಟೇರಿಯಾದಲ್ಲಿ, ಜುಮಾ ನಮಾಜು ಮುಗಿಸಿ ಬಂದ ಹಮೀದಾಕ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಕರಕ್ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಪುನರ್ಪುಳಿಯ ಕೆಂಪು ನೀರಿನ ಬಾಟಲಿ. ಬ್ಯಾಂಡೇಜಿನ ವಾಸನೆ ಚಹಾದ ಏಲಕ್ಕಿಯನ್ನು ಸೋಲಿಸಿತ್ತು.

ನಡೆದದ್ದನ್ನು ಹೇಳಿದೆ. ಅವರು ನಕ್ಕರು.

“ಹುಳಿಯಿಂದ ಸತ್ತದ್ದು ಅಂತ ಹೇಳ್ತೀರಾ? ಹುಳಿ ತೆಗ್ದು ಮಾಡಿದ್ದು ಅಂತ ನೀವೇ ಹೇಳಿದ್ದು.”

“ಹುಳಿ ಅಲ್ಲ ಹಮೀದಾಕ. ಜೆಲ್ಲಿ. ಜೆಲ್ಲಿ ತೆಳ್ಳಗಿತ್ತು.”

“ಸ್ಪಿರಿಟ್ಟೂ ಅಲ್ಲ, ಅದಕ್ಕೂ ಬಿಲ್ಲೆ ಇಟ್ಟಿದ್ರಿ. ನಾನು ಕಣ್ಣಾರೆ ಕಂಡಿದ್ದೇನೆ. ಕಾಲಿನ ನೋವೂ ಕಡಿಮೆ ಆಗಿದೆ.”

“ನೋವು ಕಡಿಮೆ ಆದದ್ದು ಒಳ್ಳೇದಲ್ಲ. ಸಕ್ಕರೆಯವರಿಗೆ ನರ ಸತ್ತರೂ ನೋವು ಹೋಗ್ತದೆ.”

“ನೋಡಿ, ನೋವು ಇದ್ರೂ ಅಡ್ಮಿಟ್, ನೋವು ಹೋದ್ರೂ ಅಡ್ಮಿಟ್. ನಿಮ್ಮ ಹತ್ರ ಎರಡಕ್ಕೂ ಉತ್ತರ ಉಂಟು. ಅವತ್ತು ಆ ಕಡೆ ಮಾತಾಡಿದ್ರಿ, ಇವತ್ತು ಈ ಕಡೆ. ನಾನು ಯಾವ ತಂಗಿಯನ್ನು ನಂಬ್ಲಿ?”

ಆರು ಕಪ್ಪು ಗೆದ್ದವಳು ನಾನು. ಅವರು ಉಪಯೋಗಿಸುತ್ತಿದ್ದ ಒಂದೊಂದು ವಾದವೂ ನಾನೇ ಲ್ಯಾಬಿನ ಕೌಂಟರಿನಲ್ಲಿ ನಿಂತು ಚೂಪು ಮಾಡಿಕೊಟ್ಟದ್ದು. ಒಂದು ಗಂಟೆ ಮಾತಾಡಿದೆ. ಕೊನೆಗೆ ಅವರು ನನಗೂ ಒಂದು ಕರಕ್ ಹೇಳಿ, ಸಮಾಧಾನ ಮಾಡಿ ಕಳುಹಿಸಲು ನೋಡಿದರು.

ಹೊರಗೆ ಬಂದು ಡಾ. ಶೆಣೈಯವರಿಗೆ ಫೋನು ಮಾಡಿದೆ. ಭಾನುವಾರ ಅವರು ಹಮ್ದಾನ್ ಸ್ಟ್ರೀಟಿನ ಹೆಡ್ ಆಫೀಸಿನಲ್ಲಿ ಪುನರ್ಪುಳಿಯ ಬಗ್ಗೆ ಮಾತಾಡುವವರಿದ್ದರು, ಬ್ರೋಷರಿನ ಬಣ್ಣವೂ ನಿಶ್ಚಯವಾಗಿತ್ತು. ಅವರು ವಾದ ಮಾಡುತ್ತಾರೆ, ಇನ್ನೊಮ್ಮೆ ಅಳೆ ಎನ್ನುತ್ತಾರೆ ಎಂದು ನಾನು ಮೂರು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “ಯಾವ ಕೆಫೆಟೇರಿಯಾ?”

ಮುಕ್ಕಾಲು ಗಂಟೆಯಲ್ಲಿ ಲುಂಗಿಯ ಮೇಲೊಂದು ಶರ್ಟು ಹಾಕಿಕೊಂಡು ಬಂದರು. ಹಮೀದಾಕರ ಎದುರು ಕೂತು, ಬ್ಯಾಂಡೇಜಿನ ಮೇಲೆ ಕೈಯಿಟ್ಟು ಹೇಳಿದರು: “ಹಮೀದ್, ತಪ್ಪು ನನ್ನದು. ಪುನರ್ಪುಳಿ ಕೆಲಸ ಮಾಡುದಿಲ್ಲ. ಏಳು, ಕಾರು ಡಬಲ್ ಪಾರ್ಕಿಂಗ್ ಮಾಡಿ ಬಂದಿದ್ದೇನೆ.”

ಹಮೀದಾಕ ಎದ್ದರು. ಅಷ್ಟೆ. ಆಕ್ಷೇಪವಿಲ್ಲ, ಖಂಡನೆಯಿಲ್ಲ. ಕೆಂಪು ನೀರಿನ ಬಾಟಲಿ ಮೇಜಿನ ಮೇಲೇ ಉಳಿಯಿತು.

ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು, ಹೆಬ್ಬೆರಳು ಮತ್ತು ಅದರ ಪಕ್ಕದ್ದು. ಪಾದ ಉಳಿಯಿತು. ಹಮೀದಾಕ ಹೇಳಿದ್ದ ಹಾಗೆಯೇ ಮ್ಯಾನೇಜರು ವೀಸಾ ಕ್ಯಾನ್ಸಲ್ ಮಾಡಿದ. ಶೆಣೈಯವರು ಭಾನುವಾರ ಅಬುಧಾಬಿಗೆ ಹೋಗಿ, ಕೋಟು ಹಾಕಿಕೊಂಡ ಎಂಟು ಜನರ ಎದುರು “ಜೆಲ್ಲಿ ತೆಳ್ಳಗಿತ್ತು” ಎಂದು ಹೇಳಿ ಕೂತರಂತೆ. ಮುಂದಿನ ಸ್ಲೈಡು ಇದೆಯಾ ಎಂದು ಯಾರೋ ಕೇಳಿದರಂತೆ. ಫಿಲೊಮಿನಾ ಬಾಯಿ ರಜೆ ಮುಗಿಸಿ ಬಂದು, ವಿಷಯ ಕೇಳಿ, ಫ್ಲಾಸ್ಕು ಎತ್ತಿಕೊಂಡರು. ಆ ದಿನದಿಂದ ಅವರು ಹೊಯ್ದ ಪ್ಲೇಟುಗಳನ್ನು ನಾನು ಕದ್ದು ಅಳೆಯುತ್ತಿದ್ದೆ. ಎಲ್ಲವೂ ಸಮ. ಆಮೇಲೆ ಕಾರ್ಖಾನೆಯಲ್ಲೇ ಹೊಯ್ದ ಪ್ಲೇಟುಗಳು ಪ್ಲಾಸ್ಟಿಕ್ ಸುತ್ತಿಕೊಂಡು ಬರತೊಡಗಿದವು, ಅದರ ಹಿಂದೆ ಮೆಷಿನ್ ಬಂತು. ಈಗಿನ ಹುಡುಗರು ಜೆಲ್ಲಿ ಹೊಯ್ಯುವುದೇ ಇಲ್ಲ, ಪರದೆಯ ಮೇಲೆ ಬಂದದ್ದನ್ನು ಓದುತ್ತಾರೆ. ಮೆಷಿನ್ನಿಗೂ ಒಂದು ಮಣಿಕಟ್ಟು ಎಲ್ಲೋ ಇರಲೇಬೇಕು. ಅದು ಎಲ್ಲಿದೆ ಎಂದು ಹುಡುಕುವುದು ಅವರ ಪಾಲಿನ ಕೆಲಸ.

ಫಿಲೊಮಿನಾ ಬಾಯಿ ಹೇಳುತ್ತಾರೆ, ವೀಸಾ ಹೆದರಿಕೆಗೆ ಅವ ಹೇಗೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದು. ಸರ್ಜನ್ ಹೇಳಿದ್ದು, ಮೊದಲ ದಿನವೇ ಬಂದಿದ್ದರೂ ಬೆರಳು ಉಳಿಯುತ್ತಿತ್ತೆಂದು ಖಾತರಿ ಇಲ್ಲ ಎಂದು. ಎರಡೂ ನನಗೆ ಅನುಕೂಲವಾದ ಉತ್ತರಗಳು. ಹಾಗಾಗಿ ಎರಡರ ಮೇಲೂ ನನಗೆ ಅನುಮಾನ.

ಕಳೆದ ತಿಂಗಳು ಉಪ್ಪಿನಂಗಡಿಗೆ ಹೋಗಿದ್ದೆ. ಹಮೀದಾಕ ಅಳಿಯನ ಬಿಡಿಭಾಗದ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಒಬ್ಬ ರಿಕ್ಷಾದವನಿಗೆ ಕ್ಲಚ್ ಕೇಬಲ್ ತೋರಿಸುತ್ತಿದ್ದರು. ಒಂದು ಚಪ್ಪಲಿಯೊಳಗೆ ಹತ್ತಿ ತುರುಕಿದ್ದರು. ರಿಕ್ಷಾದವನು ಹೋಗುವವರೆಗೆ ಕಾದೆ. ಯಾವ ಪೀಠಿಕೆಯೂ ಇಲ್ಲದೆ ಕೇಳಿದೆ:

“ಹಮೀದಾಕ, ಅವತ್ತು ಲ್ಯಾಬಿನ ಕೌಂಟರಿನಲ್ಲಿ ನಾನು ಪ್ಲೇಟು ತೋರಿಸದೆ, ಬೇರೆ ದಾರಿ ಇಲ್ಲ ಅಂತ ಅಷ್ಟೇ ಹೇಳಿದ್ರೆ, ನೀವು ಅಡ್ಮಿಟ್ ಆಗ್ತಿದ್ರಾ?”